ಲೀಜನ್ ಆಫ್ ಆನರ್‌ನಲ್ಲಿ ಪೆನ್ಸಿಲ್ ಹಂಚಿದ್ದು

ಸ್ಯಾನ್ ಫ್ರಾನ್ಸಿಸ್ಕೊದ ಲೀಜನ್ ಆಫ್ ಆನರ್ ಮ್ಯೂಸಿಯಂನಲ್ಲಿ ಜುಲೈ 14ರ ಫ್ರೆಂಚ್ ರಾಷ್ಟ್ರೀಯ ಹಬ್ಬಕ್ಕೆ ಸ್ವಯಂಸೇವಕಿಯಾಗಿ ನಿಲ್ಲಲು ಫ್ರೆಂಚ್ ಬರಬೇಕಾಗಿಲ್ಲ, ಚಳಿ ತಡೆದರೆ ಸಾಕು. ಜುಲೈ ತಿಂಗಳೆಂದರೆ ಅಮೆರಿಕದ ಬಹುಭಾಗಕ್ಕೆ ಸುಡುಬೇಸಿಗೆ. ಪೆಸಿಫಿಕ್ ಸಾಗರದ ಅಂಚಿನಲ್ಲಿರುವ ಈ ಗುಡ್ಡಕ್ಕೆ ಮಾತ್ರ ಆ ಸುದ್ದಿ ಮುಟ್ಟಿರುವುದಿಲ್ಲ. ಮಧ್ಯಾಹ್ನ ತಿರುಗಿದರೂ ಮಂಜು ಕರಗುವುದಿಲ್ಲ, ಗೋಲ್ಡನ್ ಗೇಟ್ ಸೇತುವೆಯ ಕಡೆಯಿಂದ ಹಡಗುಗಳನ್ನು ಎಚ್ಚರಿಸುವ ಕಹಳೆ ಆಗಾಗ ಮೊಳಗುತ್ತಲೇ ಇರುತ್ತದೆ. ಕ್ಯಾಲಿಫೋರ್ನಿಯಾ ಎಂದು ನಂಬಿ ಚಡ್ಡಿ, ತೆಳು ಅಂಗಿ ತೊಟ್ಟು ಬಂದ ಪ್ರವಾಸಿಗರು ಕಲೆಯ ಮೇಲಿನ ಪ್ರೀತಿಗಿಂತ ಬೆಚ್ಚಗಿನ ಕೋಣೆಯ ಆಸೆಗೆ ಬೇಗ ಬೇಗ ಒಳಗೆ ನುಗ್ಗುತ್ತಾರೆ. ಮ್ಯೂಸಿಯಂಗೆ ಅದೇನೂ ಕೆಟ್ಟದ್ದಲ್ಲ.

ಮಗಳು ಓದಲು ಬೇರೆ ಊರಿಗೆ ಹೋದ ಮೇಲೆ ನನ್ನ ಶನಿವಾರಗಳು ಖಾಲಿಯಾಗಿದ್ದವು. ಆನ್‌ಲೈನ್ ಅರ್ಜಿಯಲ್ಲಿ ‘ನಿಮಗೆ ಬರುವ ಭಾಷೆಗಳು’ ಎಂಬಲ್ಲಿ ಕನ್ನಡ, ತಮಿಳು, ಹಿಂದಿ, ಇಂಗ್ಲಿಷ್ ಎಂದು ತುಂಬಿದೆ. ಫ್ರೆಂಚ್ ಹಬ್ಬಕ್ಕೆ ಅವುಗಳಲ್ಲಿ ಮೂರು ನಿರುಪಯೋಗಿ ಎಂದು ಅರ್ಜಿ ನೋಡಿದವರಿಗೂ ಅನ್ನಿಸಿರಬೇಕು. ಆದರೂ ಕರೆದರು, ಕೈಗಳು ಕಡಿಮೆ ಇದ್ದವು. ಫೋನಿನಲ್ಲಿ ಮಾತನಾಡಿದ ಹುಡುಗಿ ಕೇಳಿದ್ದು ಎರಡೇ ವಿಷಯ: ಗಂಟೆಗಟ್ಟಲೆ ನಿಲ್ಲಬಲ್ಲಿರಾ, ಮಕ್ಕಳೊಂದಿಗೆ ತಾಳ್ಮೆ ಇದೆಯೇ. ಮಂಡ್ಯದ ಕಡೆ ಮದುವೆಮನೆಗಳಲ್ಲಿ ಬಡಿಸಿ ಬೆಳೆದವಳು ನಾನು, ಎರಡಕ್ಕೂ ಹೂಂ ಎಂದೆ.

ತರಬೇತಿಯ ಮೊದಲ ಅರ್ಧ ಪೂರ್ತಿ ‘ಬೇಡ’ಗಳ ಪಾಠ. ಗ್ಯಾಲರಿಯೊಳಗೆ ಪೆನ್ನು ಬೇಡ, ಪೆನ್ಸಿಲ್ ಮಾತ್ರ. ಬೆನ್ನಿಗೆ ಚೀಲ ಬೇಡ, ತಿರುಗಿದಾಗ ಚಿತ್ರಕ್ಕೆ ತಾಗುತ್ತದೆ, ಮುಂದಕ್ಕೆ ಹಾಕಿಕೊಳ್ಳಬೇಕು. ನೀರಿನ ಬಾಟಲಿ ಬೇಡ. ಕೃತಿಯತ್ತ ಬೆರಳು ಚಾಚಿ ತೋರಿಸುವುದೂ ಬೇಡ, ಏಕೆಂದರೆ ನೋಡುವವರ ಬೆರಳೂ ಹಾಗೇ ಚಾಚಿಕೊಳ್ಳುತ್ತದೆ. ಅಂಗೈ ಬಿಡಿಸಿ ದೂರದಿಂದಲೇ ಸೂಚಿಸಬೇಕು. ಈ ಕೊನೆಯದು ನನಗೆ ಬಹಳ ಹಿಡಿಸಿತು. ಈಗ ಮನೆಯಲ್ಲಿ ಉಪ್ಪಿನ ಡಬ್ಬಿಯನ್ನೂ ಹಾಗೆಯೇ ತೋರಿಸುತ್ತೇನೆ.

ಉಳಿದರ್ಧ, ಪ್ರಶ್ನೆ ಕೇಳುವುದು ಹೇಗೆ ಎಂಬುದು. ಅಮೆರಿಕದ ಮ್ಯೂಸಿಯಂಗಳಲ್ಲಿ ಬಹಳ ಚಾಲ್ತಿಯಲ್ಲಿರುವ ಪದ್ಧತಿ ಇದು. ಚಿತ್ರದ ಮುಂದೆ ಜನರನ್ನು ನಿಲ್ಲಿಸಿ ಮೊದಲು ‘ಇಲ್ಲಿ ಏನು ನಡೆಯುತ್ತಿದೆ?’ ಎನ್ನಬೇಕು. ಅವರು ಏನಾದರೂ ಹೇಳಿದರೆ ‘ಏನನ್ನು ನೋಡಿ ಹಾಗೆ ಹೇಳುತ್ತೀರಿ?’ ಎನ್ನಬೇಕು. ಆಮೇಲೆ ‘ಇನ್ನೂ ಏನು ಕಾಣುತ್ತದೆ?’ ಮಾಹಿತಿಯನ್ನು ಬಾಯಿಗೆ ತುರುಕಬಾರದು. ಮಕ್ಕಳಿಗೆ ಇದು ಅದ್ಭುತವಾಗಿ ಒಪ್ಪುತ್ತದೆ, ಅದನ್ನು ಕಣ್ಣಾರೆ ಕಂಡಿದ್ದೇನೆ. ದೊಡ್ಡವರ ವಿಷಯದಲ್ಲಿ ನನಗೆ ಈಗಲೂ ಅನುಮಾನವಿದೆ. ಬಿಡುವಿನ ದಿನ ದೂರದಿಂದ ಬಂದ ಮನುಷ್ಯ ಒಂದು ನೇರ ಪ್ರಶ್ನೆ ಕೇಳಿದಾಗ, ‘ನಿಮಗೆ ಏನನ್ನಿಸುತ್ತದೆ?’ ಎಂದು ತಿರುಗಿ ಕೇಳುವುದು ಅಷ್ಟು ಮರ್ಯಾದೆಯ ಮಾತಲ್ಲ.

ನಮ್ಮ ಗುಂಪಿಗೆ ಕಟ್ಟಡ ತೋರಿಸಿದ್ದು ದಶಕಗಳಿಂದ ಅಲ್ಲಿ ಮಾರ್ಗದರ್ಶನ ಮಾಡುತ್ತಿರುವ ಹಿರಿಯ ಮಹಿಳೆ. ಬೆಳ್ಳಿ ಕೂದಲು, ಕೋಲು, ಗಡಸು ದನಿ. ಬಾಗಿಲ ಮೇಲೆ ಕೆತ್ತಿದ ‘ಒನರ್ ಎ ಪಾತ್ರಿ’, ಅಂದರೆ ಗೌರವ ಮತ್ತು ತಾಯ್ನಾಡು ಎಂಬ ಬರಹದ ಕೆಳಗೆ ನಮ್ಮನ್ನು ನಿಲ್ಲಿಸಿ ಒಂದು ವಿಷಯ ಸ್ಪಷ್ಟಪಡಿಸಿದರು. “ಹಬ್ಬದ ದಿನ ಎಲ್ಲರೂ ನಿಮ್ಮನ್ನು ಕೇಳುವುದು ಒಂದೇ, ಇದು ಅಸಲಿಯೇ ಎಂದು. ಅವಸರದಲ್ಲಿ ಹೌದು ಎನ್ನಬೇಡಿ, ಅಲ್ಲ ಎಂದೂ ಅನ್ನಬೇಡಿ.”

ಏಕೆ ಎಂಬುದು ಆ ಮನೆಯ ಕಥೆ ಕೇಳಿದಾಗ ತಿಳಿಯಿತು. ಪ್ಯಾರಿಸ್‌ನಲ್ಲಿ ಸೀನ್ ನದಿಯ ದಂಡೆಯ ಮೇಲೆ 1780ರ ದಶಕದಲ್ಲಿ ಪಿಯೆರ್ ರೂಸೋ ಎಂಬ ವಾಸ್ತುಶಿಲ್ಪಿ ಒಬ್ಬ ಜರ್ಮನ್ ರಾಜಕುಮಾರನಿಗಾಗಿ ಒತೆಲ್ ದ ಸಾಲ್ಮ್ ಎಂಬ ಮಹಲು ಕಟ್ಟಿದ. ಅದು ಮುಂದೆ ನೆಪೋಲಿಯನ್ ಸ್ಥಾಪಿಸಿದ ಲೀಜನ್ ಆಫ್ ಆನರ್ ಎಂಬ ಪುರಸ್ಕಾರದ ಕಚೇರಿಯಾಯಿತು. 1871ರ ಪ್ಯಾರಿಸ್ ಕಮ್ಯೂನ್ ಗಲಭೆಯಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಲ್ಪಟ್ಟಿತು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪನಾಮ ಕಾಲುವೆಯ ಸಂಭ್ರಮಕ್ಕೆ ಜಾಗತಿಕ ಮೇಳ ನಡೆದಾಗ ಫ್ರಾನ್ಸ್ ತನ್ನ ಮಂಟಪವನ್ನು ಆ ಮಹಲಿನ ನಕಲಾಗಿ ನಿಲ್ಲಿಸಿತು. ಮೇಳ ಮುಗಿಯಿತು, ಮಂಟಪವೂ ಹೋಯಿತು. ಅದನ್ನು ಕಂಡು ಮನಸೋತ ಆಲ್ಮಾ ಸ್ಪ್ರೆಕಲ್ಸ್ ಎಂಬಾಕೆ ಅಂಥದ್ದೇ ಶಾಶ್ವತ ಕಟ್ಟಡ ಬೇಕೆಂದು ಹಟ ಹಿಡಿದಳು. ಜಾರ್ಜ್ ಆಪಲ್‌ಗಾರ್ತ್ ಎಂಬ ವಾಸ್ತುಶಿಲ್ಪಿ ಮುಕ್ಕಾಲು ಅಳತೆಯಲ್ಲಿ ಕಟ್ಟಿಕೊಟ್ಟ. ಸುಟ್ಟು ಮರುಜನ್ಮ ಪಡೆದ ಮಹಲಿನ ನಕಲು ಮಂಟಪ, ಆ ಮಂಟಪದ ಗುಂಗಿನಲ್ಲಿ ಹುಟ್ಟಿದ ಇನ್ನೊಂದು ಮಹಲು. ಅಂಗಳದಲ್ಲಿ ಗಾಜಿನ ಪುಟ್ಟ ಪಿರಮಿಡ್ಡೂ ಇದೆ. ಅದು ಕೆಳಗಿನ ಗ್ಯಾಲರಿಗಳಿಗೆ ಬೆಳಕು ಬಿಡಲು 1990ರ ದಶಕದಲ್ಲಿ ಸೇರಿದ್ದು, ನೋಡಿದವರೆಲ್ಲ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನ ಪಿರಮಿಡ್ ನೆನೆದು ಲೂವ್ರ್ ಎಂದು ಉದ್ಗರಿಸುತ್ತಾರೆ.

ಆಲ್ಮಾಳ ಬಗ್ಗೆ ಒಂದಿಷ್ಟು ಹೇಳದೆ ಮುಂದೆ ಹೋಗಲಾರೆ. 1881ರಲ್ಲಿ ಈ ಊರಿನಲ್ಲೇ ಬಡ ಡ್ಯಾನಿಷ್ ವಲಸಿಗರ ಮನೆಯಲ್ಲಿ ಹುಟ್ಟಿದವಳು. ಆರಡಿ ಎತ್ತರ. ಚಿತ್ರಕಾರರಿಗೆ ಮಾಡೆಲ್ ಆಗಿ ಹೊಟ್ಟೆ ಹೊರೆದಳು. ಯೂನಿಯನ್ ಸ್ಕ್ವೇರ್‌ನ ಕಂಬದ ತುದಿಯಲ್ಲಿರುವ ವಿಜಯದೇವಿಗೆ ಇವಳೇ ಮಾದರಿ ಎಂದು ಊರು ನಂಬಿದೆ. ತನಗಿಂತ ಎರಡು ದಶಕಕ್ಕೂ ಮಿಕ್ಕಿ ಹಿರಿಯನಾದ ಸಕ್ಕರೆ ಕುಬೇರ ಅಡಾಲ್ಫ್ ಸ್ಪ್ರೆಕಲ್ಸ್‌ನನ್ನು 1908ರಲ್ಲಿ ಮದುವೆಯಾದಳು. ಈ ಅಡಾಲ್ಫ್ 1884ರಲ್ಲಿ, ತನ್ನ ಕುಟುಂಬದ ಕಂಪನಿಯ ವಿರುದ್ಧ ಬರೆದದ್ದಕ್ಕೆ ಪತ್ರಿಕೆಯೊಂದರ ಒಡೆಯ ಮೈಕಲ್ ಡಿ ಯಂಗ್‌ಗೆ ಗುಂಡು ಹೊಡೆದಿದ್ದ. ಡಿ ಯಂಗ್ ಬದುಕಿಕೊಂಡ, ಅಡಾಲ್ಫ್ ನ್ಯಾಯಾಲಯದಲ್ಲಿ ಖುಲಾಸೆಯಾದ. ಡಿ ಯಂಗ್ ಹೆಸರಿನ ಮ್ಯೂಸಿಯಂ ಗೋಲ್ಡನ್ ಗೇಟ್ ಉದ್ಯಾನದಲ್ಲಿದೆ. 1972ರಲ್ಲಿ ಎರಡೂ ಮ್ಯೂಸಿಯಂಗಳು ಒಂದೇ ಆಡಳಿತಕ್ಕೆ ಸೇರಿದವು. ಇವತ್ತು ಒಂದರ ಟಿಕೆಟ್ ಕೊಂಡವರು ಅದೇ ದಿನ ಇನ್ನೊಂದನ್ನೂ ನೋಡಬಹುದು. ಗುಂಡು ಹೊಡೆದವನಿಗೂ ತಿಂದವನಿಗೂ ಹೀಗೆ ರಾಜಿಯಾಯಿತು.

ಮ್ಯೂಸಿಯಂ ತೆರೆದದ್ದು 1924ರ ನವೆಂಬರ್ 11ರಂದು, ಮೊದಲ ಮಹಾಯುದ್ಧ ನಿಂತ ದಿನದ ನೆನಪಿಗೆ. ಫ್ರಾನ್ಸಿನ ನೆಲದಲ್ಲಿ ಮಡಿದ ಕ್ಯಾಲಿಫೋರ್ನಿಯಾದ 3,600 ಸೈನಿಕರ ಸ್ಮಾರಕ ಅದು. ಅಡಾಲ್ಫ್ ಅದೇ ವರ್ಷ, ಉದ್ಘಾಟನೆಗೆ ಮೊದಲೇ ತೀರಿಕೊಂಡಿದ್ದ. ಇನ್ನೊಂದು ವಿಷಯವನ್ನು ಹಿರಿಯಾಕೆ ಮೆಟ್ಟಿಲಿಳಿಯುತ್ತಾ ಹೇಳಿದರು. ಈ ಗುಡ್ಡ ಮೊದಲು ಊರಿನ ಸ್ಮಶಾನವಾಗಿತ್ತು. ಬಡವರು, ನಾವಿಕರು, ಚೀನೀ ವಲಸಿಗರು ಇಲ್ಲಿ ಮಣ್ಣಾಗಿದ್ದರು. ಗೋರಿಕಲ್ಲುಗಳನ್ನು ತೆಗೆದು ಉದ್ಯಾನವನ್ನೂ ಗಾಲ್ಫ್ ಮೈದಾನವನ್ನೂ ಮಾಡಿದರು, ಶವಗಳು ಬಹುಪಾಲು ಅಲ್ಲೇ ಉಳಿದವು. 1990ರ ದಶಕದಲ್ಲಿ ಕಟ್ಟಡ ದುರಸ್ತಿಗೆ ಅಗೆದಾಗ ನೂರಾರು ಅಸ್ಥಿಪಂಜರಗಳು ಸಿಕ್ಕವು. “ಈ ಗುಡ್ಡದಲ್ಲಿ ಯಾರೂ ಅನುಮಾನಿಸದ ಅಸಲಿಗಳು ಅವರೇ,” ಎಂದು ಹೇಳಿ ಆಕೆ ಮುಂದಿನ ಕೋಣೆಗೆ ನಡೆದರು. ನಮ್ಮಲ್ಲಿ ಒಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ.

ಮುಂದಿನ ಕೋಣೆ ಸಲೋಂ ದೊರೇ. 1781ರ ಸುಮಾರಿನ ಪ್ಯಾರಿಸ್ ಮನೆಯೊಂದರ ಬಂಗಾರ ಲೇಪದ ಪಡಸಾಲೆ. ಮರದ ಹಲಗೆಗಳನ್ನು ಕಳಚಿ, ಸಾಗಿಸಿ, ಬೇರೆ ಬೇರೆ ಮನೆಗಳಲ್ಲಿ ಜೋಡಿಸಿ ಕೊನೆಗೆ ಇಲ್ಲಿಗೆ ತಂದಿದ್ದಾರೆ. ಪೂರ್ತಿ ಜೀರ್ಣೋದ್ಧಾರವಾಗಿ 2014ರಲ್ಲಿ ಮತ್ತೆ ತೆರೆಯಿತು. ಹಲಗೆ ಅಸಲಿ, ಗೋಡೆ ಕ್ಯಾಲಿಫೋರ್ನಿಯಾದ್ದು. ಅಲ್ಲಿಂದ ನಡುಮನೆಗೆ ಬಂದರೆ ಆರ್ಗನ್. 1924ರಲ್ಲಿ ಬಾಸ್ಟನ್‌ನ ಅರ್ನೆಸ್ಟ್ ಸ್ಕಿನ್ನರ್ ಕಂಪನಿ ಕೂರಿಸಿದ ವಾದ್ಯ, 4,526 ಕೊಳವೆಗಳು, ಆದರೆ ಕಣ್ಣಿಗೆ ಒಂದೂ ಬೀಳುವುದಿಲ್ಲ. ಎಲ್ಲಿವೆ ಎಂದು ನಾವು ಕತ್ತು ಎತ್ತಿ ಹುಡುಕುವಾಗ ಹಿರಿಯಾಕೆ ಗೋಡೆಯ ಮೇಲಿನ ಅರ್ಧ ಗುಮ್ಮಟವನ್ನು ಅಂಗೈಯಿಂದ ತೋರಿಸಿದರು. ಅಮೃತಶಿಲೆಯೆಂದು ನಾವು ಮೆಚ್ಚಿದ್ದು ಕಲ್ಲಲ್ಲ, ಬಟ್ಟೆ. ದನಿ ಹಾಯಲೆಂದು ಕ್ಯಾನ್ವಾಸ್ ಬಿಗಿದು ಕಲ್ಲಿನಂತೆ ಬಣ್ಣ ಹಚ್ಚಿದ್ದಾರೆ. ಆ ಮ್ಯೂಸಿಯಂನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕಲಾಕೃತಿ ಆ ಸುಳ್ಳು ಕಲ್ಲು. ಅದರ ಮುಂದೆ ಫಲಕವೂ ಇಲ್ಲ.

ನನ್ನ ಪಾಲಿಗೆ ಬಂದದ್ದು ಫ್ರೆಂಚ್ ಶಿಲ್ಪಿ ರೋಡಾನ್‌ನ ಶಿಲ್ಪಗಳ ಗ್ಯಾಲರಿಯಲ್ಲಿ ರೇಖಾಚಿತ್ರದ ಮೇಜು. ಬಂದವರಿಗೆ ಹಾಳೆ, ರಟ್ಟು, ಪೆನ್ಸಿಲ್ ಕೊಡುವುದು, ವಾಪಸು ಪಡೆಯುವುದು. ಜೊತೆಗೆ ಆ ‘ಅಸಲಿಯೇ’ ಪ್ರಶ್ನೆಗೆ ಉತ್ತರಿಸುವುದು, ಏಕೆಂದರೆ ರೋಡಾನ್ ಎದುರು ಅದು ಇನ್ನೂ ಸಿಕ್ಕು. ಅಂಗಳದಲ್ಲಿ ಗಲ್ಲಕ್ಕೆ ಕೈಯಾನಿಸಿ ಕೂತಿರುವ ‘ಚಿಂತಕ’ನನ್ನು ಎಲ್ಲರೂ ಪ್ಯಾರಿಸ್‌ನಲ್ಲೋ ಪಠ್ಯಪುಸ್ತಕದಲ್ಲೋ ನೋಡಿರುತ್ತಾರೆ. ರೋಡಾನ್ ಜೇಡಿಮಣ್ಣಿನಲ್ಲಿ ರೂಪಿಸುತ್ತಿದ್ದ, ಅದರಿಂದ ಪ್ಲಾಸ್ಟರ್ ಅಚ್ಚು ತೆಗೆಯುತ್ತಿದ್ದರು, ಕಂಚು ಎರೆಯುವುದು ಎರಕದ ಕುಲುಮೆಯವರ ಕೆಲಸ. ಒಂದು ಪ್ಲಾಸ್ಟರಿನಿಂದ ಎಷ್ಟೋ ಕಂಚು. ನಮ್ಮ ಅಂಗಳದ್ದು 1904ರ ಸುಮಾರಿನದು, ಅಂದರೆ ಶಿಲ್ಪಿ ಬದುಕಿದ್ದಾಗಲೇ ಎರೆದದ್ದು. ಪ್ಯಾರಿಸ್‌ನಲ್ಲಿ ಹೆಸರು ಮಾಡಿದ್ದ ಅಮೆರಿಕನ್ ನರ್ತಕಿ ಲೋಯಿ ಫುಲರ್ ಮೂಲಕ ರೋಡಾನ್‌ನ ಪರಿಚಯವಾಗಿ ಆಲ್ಮಾ ಕೊಂಡು ತಂದ ಶಿಲ್ಪಗಳಲ್ಲಿ ಇದೂ ಒಂದು. 1917ರಲ್ಲಿ ಸಾಯುವ ಮುನ್ನ ರೋಡಾನ್ ತನ್ನ ಕೃತಿಗಳನ್ನೂ ಅವುಗಳನ್ನು ಎರೆಯುವ ಹಕ್ಕನ್ನೂ ಫ್ರೆಂಚ್ ಸರ್ಕಾರಕ್ಕೆ ಬರೆದುಕೊಟ್ಟ. ಆಮೇಲೆ ಬಂದ ಫ್ರೆಂಚ್ ನಿಯಮದ ಪ್ರಕಾರ ಒಂದು ಶಿಲ್ಪದ 12 ಎರಕಗಳವರೆಗೆ ಮೂಲಕೃತಿ ಎಂದೇ ಲೆಕ್ಕ. ಹದಿಮೂರನೆಯದು ಅದೇ ಅಚ್ಚು, ಅದೇ ಕಂಚು, ಅದೇ ಕೈಗಳಿಂದ ಬಂದರೂ ಪ್ರತಿ. ಕಾನೂನಿಗೆ ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಎಳೆದಿದೆ. ಕಣ್ಣಿಗೆ ಆ ಗೆರೆ ಕಾಣುವುದಿಲ್ಲ.

ಹಬ್ಬ ಜುಲೈ 14ಕ್ಕೇ ಬೀಳಲಿಲ್ಲ, ಹತ್ತಿರದ ಶನಿವಾರಕ್ಕೆ ಬಿತ್ತು. ಬೇ ಏರಿಯಾದ, ಅಂದರೆ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ ಊರುಗಳ ನಿವಾಸಿಗಳಿಗೆ ಶನಿವಾರ ಪ್ರವೇಶ ಉಚಿತ, ಜನ ಬರುವುದೂ ಆಗಲೇ. ಈ ಬಗ್ಗೆ ಹುಬ್ಬು ಹಾರಿಸುವ ಹಕ್ಕು ನಮಗಿಲ್ಲ. ಇಲ್ಲಿನ ಕನ್ನಡಿಗರ ರಾಜ್ಯೋತ್ಸವವೂ ಸಭಾಂಗಣ ಸಿಕ್ಕ ದಿನವೇ ನಡೆಯುವುದು. ಬೆಳಿಗ್ಗೆ 18ನೇ ನಂಬರಿನ ಬಸ್ಸಿನಿಂದ ಇಳಿದಾಗ ಹುಲ್ಲುಹಾಸಿನ ಮೇಲೆ ಪ್ರತಿಮೆಯಾಗಿ ನಿಂತ ಫ್ರೆಂಚ್ ವೀರನಾರಿ ಜೋನ್ ಆಫ್ ಆರ್ಕ್ ಮಂಜಿನಲ್ಲಿ ಕುದುರೆಸಮೇತ ಮಾಯವಾಗಿದ್ದಳು. ಕಂಬಸಾಲಿನ ಕೆಳಗೆ ಅಕಾರ್ಡಿಯನ್ ನುಡಿಸುವವನು ಬೆರಳುಗಳಿಗೆ ಬಿಸಿಯುಸಿರು ಊದಿಕೊಳ್ಳುತ್ತಿದ್ದ. ಕ್ರೇಪ್ ಮಾಡುವ ಗಾಡಿಯ ಮುಂದೆ ಬಾಗಿಲು ತೆರೆಯುವ ಮೊದಲೇ ಸಾಲು. ನೋಡಲು ನೀರುದೋಸೆಯ ನೆಂಟನಂತಿದ್ದರೂ ಒಳಗೆ ಚಾಕೊಲೇಟು. ಮಕ್ಕಳಿಗೆ ನೀಲಿ, ಬಿಳಿ, ಕೆಂಪು ಪಟ್ಟಿಯಿಂದ ಎದೆಗೆ ಸಿಕ್ಕಿಸುವ ಹೂವು ಮಾಡಿಸುವ ಮೇಜಿತ್ತು. 1789ರ ಕ್ರಾಂತಿಕಾರಿಗಳ ಗುರುತು ಅದು. ಆ ವರ್ಷದ ಜುಲೈ 14ರಂದು ಜನ ಮುತ್ತಿಗೆ ಹಾಕಿ ಹಿಡಿದ ಪ್ಯಾರಿಸ್‌ನ ಸೆರೆಮನೆ, ಬಾಸ್ಟಿಲ್ ಕೋಟೆಯಲ್ಲಿ ಇದ್ದದ್ದು ಬರೀ ಏಳು ಕೈದಿಗಳು ಎಂದು ಆ ಮೇಜಿನ ಹುಡುಗ ಎಲ್ಲರಿಗೂ ಹೇಳುತ್ತಿದ್ದ. ಕೇಳಿದ ಅಪ್ಪಂದಿರಿಗೆ ಸ್ವಲ್ಪ ನಿರಾಸೆಯಾದಂತಿತ್ತು.

ನಿಜವಾದ ಫ್ರೆಂಚರೂ ಬಂದಿದ್ದರು. 1849ರ ಚಿನ್ನದ ನೂಕುನುಗ್ಗಲಿನ ಕಾಲದಿಂದಲೂ ಈ ಊರಿನಲ್ಲಿ ಅವರಿದ್ದಾರೆ, ಊರಿನ ಹೆಸರಾಂತ ಹುಳಿ ಬ್ರೆಡ್ಡು ಮಾಡುವ ಬೂಡೀನ್ ಬೇಕರಿಯೂ ಆ ವರ್ಷದ್ದೇ. ಒಬ್ಬ ಅಜ್ಜಿ ಮೊಮ್ಮಗಳನ್ನು ನನ್ನ ಮೇಜಿನಲ್ಲಿ ಕೂರಿಸಿ ಸುತ್ತ ಕಣ್ಣಾಡಿಸಿದರು. ಅಡ್ಡಪಟ್ಟೆಯ ಅಂಗಿ, ಬೆರೆ ಟೋಪಿ ತೊಟ್ಟವರೆಲ್ಲ ಅಮೆರಿಕನ್ನರು. ತಮ್ಮೂರಿನಲ್ಲಿ ಈ ದಿನವೆಂದರೆ ಟಿ.ವಿ.ಯಲ್ಲಿ ಸೇನಾ ಮೆರವಣಿಗೆ, ರಾತ್ರಿ ಪಟಾಕಿ, ಅಗ್ನಿಶಾಮಕ ಠಾಣೆಯ ಅಂಗಳದಲ್ಲಿ ಕುಣಿತ ಎಂದರು. ಇಲ್ಲಿ ಅದು ಯಾವುದೂ ಇಲ್ಲವಲ್ಲ ಎಂದೆ. “ಅಲ್ಲಿ ರೋಡಾನ್ ಇರುವುದಿಲ್ಲ, ಬಿಡಿ” ಎಂದು ನಕ್ಕು ಮೊಮ್ಮಗಳ ಕೈಯಿಂದ ಪೆನ್ಸಿಲ್ ಕಿತ್ತುಕೊಂಡು ತಾವೇ ಬರೆಯತೊಡಗಿದರು. ಮಗುವಿಗೆ ಇನ್ನೊಂದು ಕೊಟ್ಟೆ.

ಹಿರಿಯಾಕೆ ಹೇಳಿದ್ದು ಅಕ್ಷರಶಃ ನಿಜವಾಯಿತು. ಇದು ಅಸಲಿಯೇ? ಪ್ಯಾರಿಸ್‌ನದು ಅಸಲಿಯೋ, ಇದೋ? ಮೂಗು ಮುಟ್ಟಿದರೆ ಗೊತ್ತಾಗುತ್ತದೆಯೇ? (ಮುಟ್ಟಬೇಡಿ.) ಕೆಲವರು ಅನುಮಾನದಿಂದ ಕೇಳುತ್ತಾರೆ, ಮೋಸ ಹೋಗಬಾರದೆಂಬ ಎಚ್ಚರ ಅವರದು. ಕೆಲವರಿಗೆ ಹೌದು ಎಂದರೆ ಮಾತ್ರ ಫೋಟೊ ತೆಗೆಯಬೇಕು. ಹದಿಹರೆಯದ ಒಬ್ಬ ಹುಡುಗ ಮಾತ್ರ ಏನನ್ನೂ ಕೇಳದೆ ಶಿಲ್ಪಗಳ ಹಿಂಭಾಗಕ್ಕೆ ಹೋಗಿ ಕೂತು ಬರೀ ಬೆನ್ನುಗಳನ್ನು ಬರೆದ. ರೋಡಾನ್‌ನ ಬೆನ್ನುಗಳು ಎಷ್ಟು ಮಾತನಾಡುತ್ತವೆ ಎಂದು ನನಗೂ ಆಗಲೇ ಕಂಡದ್ದು.

ಮಧ್ಯಾಹ್ನದ ಹೊತ್ತಿಗೆ ಸನಿವೇಲ್‌ನಿಂದ ಒಂದು ಕುಟುಂಬ ಬಂತು. ಸ್ವೆಟರಿನ ಮೇಲೆ ಶಾಲು ಹೊದ್ದ ಹಿರಿಯರು ನನ್ನ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಕನ್ನಡಕ ಸರಿಮಾಡಿಕೊಂಡು ಓದಿದರು.

“ಕನ್ನಡದವರೇನಮ್ಮ?”

“ಹೌದು ಸಾರ್. ಮಂಡ್ಯದ ಕಡೆ.”

“ನಾವು ಹಾಸನ. ಮಗನ ಮನೆಗೆ ಬಂದು ಎರಡು ತಿಂಗಳಾಯಿತು. ಎಲ್ಲ ಕಡೆ ಇಂಗ್ಲಿಷ್ ಕೇಳಿ ಕೇಳಿ ಕಿವಿ ದಣಿದಿತ್ತು. ಇರಲಿ, ಹೊರಗಿರುವ ಆ ಯೋಚನೆ ಮಾಡುವವನು ಅಸಲಿಯೇ?”

ಕನ್ನಡದಲ್ಲಿ ಉತ್ತರಿಸಲು ಸಿಕ್ಕ ಅವಕಾಶ, ನಾನು ಮಣ್ಣು, ಪ್ಲಾಸ್ಟರ್, ಎರಕ, ಹನ್ನೆರಡರ ಲೆಕ್ಕ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರ ಮಗ ಮೊಬೈಲ್ ನೋಡತೊಡಗಿದ. ಹಿರಿಯರು ತಲೆದೂಗುತ್ತಾ ಕೇಳಿ, “ಅದಕ್ಕೇನಮ್ಮ ಇಷ್ಟು ಕಷ್ಟ? ಮೇಲುಕೋಟೆಯಲ್ಲಿ ಗರ್ಭಗುಡಿಯೊಳಗೆ ತಿರುನಾರಾಯಣ. ವೈರಮುಡಿ ಹೊತ್ತು ಬೀದಿಗೆ ಬರುವವನು ಚೆಲುವನಾರಾಯಣ, ಉತ್ಸವಮೂರ್ತಿ. ನಿಮ್ಮ ಕಡೆಯವನೇ ಅಲ್ಲವೇ? ಬೀದಿಯಲ್ಲಿ ಕೈ ಮುಗಿಯುವವರು ಯಾರಾದರೂ ಇವನು ಅಸಲಿಯೇ ಎಂದು ಕೇಳುತ್ತಾರೆಯೇ?” ಎಂದರು.

ಯಾರೂ ಕೇಳುವುದಿಲ್ಲ. ಚಿಕ್ಕವಳಿದ್ದಾಗ ವೈರಮುಡಿಯ ರಾತ್ರಿ ಅಪ್ಪನ ಹೆಗಲ ಮೇಲೆ ಕೂತು ನಾನೂ ಕೇಳಿರಲಿಲ್ಲ. ಖುಷಿಗೆ ಆ ಮಾತನ್ನು ಅಲ್ಲೇ ಹಾದುಹೋಗುತ್ತಿದ್ದ ನಮ್ಮ ಹಿರಿಯ ಮಾರ್ಗದರ್ಶಕಿಗೆ ಇಂಗ್ಲಿಷಿನಲ್ಲಿ ತಿಳಿಸಿದೆ. ಅವರು ಕೋಲಿನ ಮೇಲೆ ಎರಡೂ ಕೈ ಊರಿ ಆಲಿಸಿದರು, ಆದರೆ ಒಪ್ಪಲಿಲ್ಲ. “ನಿಮ್ಮ ದೇವಾಲಯದಲ್ಲಿ ಒಳಗೊಬ್ಬ ಇದ್ದಾನೆ, ಹೊರಗಿನವನು ಅವನ ಪರವಾಗಿ ಬರುತ್ತಾನೆ. ರೋಡಾನ್‌ನ ಕಂಚಿಗೆ ಒಳಗೆ ಯಾರಿದ್ದಾರೆ? ಪ್ಯಾರಿಸ್ ಹತ್ತಿರದ ಮ್ಯೂಡೋನ್‌ನಲ್ಲಿ ಪ್ಲಾಸ್ಟರುಗಳಿವೆ. ಅವನ್ನು ಯಾರೂ ಮೂಲಕೃತಿ ಎಂದು ಪೂಜಿಸುವುದಿಲ್ಲ. ಇಲ್ಲಿ ಬೀದಿಗೆ ಬಂದವರಷ್ಟೇ ಇರುವುದು, ಎಲ್ಲರೂ ಸಮ.”

ಅದನ್ನು ಹಿರಿಯರಿಗೆ ಕನ್ನಡದಲ್ಲಿ ಮುಟ್ಟಿಸಿದೆ. ಅವರು ಸೋಲುವವರಲ್ಲ. “ಹಾಗಾದರೆ ಆ ಮನುಷ್ಯ ಮೊದಲು ಎಲ್ಲಿ ಕೂತಿದ್ದ? ಬಯಲಿನಲ್ಲಿ ಹೀಗೆ ಒಬ್ಬನೇ ಕೂತು ಯೋಚಿಸುವುದಕ್ಕೆ ಏನಾದರೂ ಕಾರಣ ಬೇಕಲ್ಲ?”

ಆ ದಿನ ನನಗೆ ಬಂದ ಪ್ರಶ್ನೆಗಳಲ್ಲಿ ಅದೇ ಒಳ್ಳೆಯದು. 1880ರಲ್ಲಿ ಪ್ಯಾರಿಸ್‌ನ ಹೊಸ ಮ್ಯೂಸಿಯಂ ಒಂದಕ್ಕೆ ಬಾಗಿಲು ಮಾಡಿಕೊಡುವಂತೆ ರೋಡಾನ್‌ಗೆ ಸರ್ಕಾರದಿಂದ ಆದೇಶ ಬಂತು. ಕವಿ ದಾಂತೆಯ ನರಕವನ್ನು ಆರಿಸಿಕೊಂಡು ಆತ ‘ನರಕದ ದ್ವಾರ’ವನ್ನು ರೂಪಿಸಿದ. ನೂರಾರು ಬೆತ್ತಲೆ ಜೀವಗಳು ಉರುಳಿ ಬೀಳುವ ಆ ಬಾಗಿಲಿನ ಮೇಲ್ಭಾಗದಲ್ಲಿ ಚಿಂತಕ ಕೂತಿದ್ದಾನೆ, ಸುಮಾರು ಎರಡೂಕಾಲು ಅಡಿಯವನು, ಕೆಳಗೆ ನೋಡುತ್ತಾ. ಯೋಚನೆಗೆ ಕಾರಣ ಅಲ್ಲಿದೆ. ಆ ಮ್ಯೂಸಿಯಂ ಕಟ್ಟಲೇ ಇಲ್ಲ. ಚಿಂತಕನನ್ನು ಬಾಗಿಲಿನಿಂದ ಬಿಡಿಸಿ ದೊಡ್ಡದು ಮಾಡಿ ಹೊರಗೆ ಕೂರಿಸಿದ್ದು ಆಮೇಲೆ. ಬಾಗಿಲನ್ನು ರೋಡಾನ್ ಕಂಚಿನಲ್ಲಿ ನೋಡಲೂ ಇಲ್ಲ, ಅದರ ಮೊದಲ ಎರಕಗಳು ಬಂದದ್ದು ಆತ ಸತ್ತ ನಂತರ.

“ಅದನ್ನು ನೋಡಬೇಕಾದರೆ ಪ್ಯಾರಿಸ್‌ಗೇ ಹೋಗಬೇಕೋ?”

“ಬೇಡ ಸಾರ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಇದೆ. ನಿಮ್ಮ ಮನೆಗೆ ಇಲ್ಲಿಗಿಂತ ಹತ್ತಿರ.”

ಮಗ ಮೊಬೈಲಿನಿಂದ ತಲೆ ಎತ್ತಿದ.

ನಾಲ್ಕು ಗಂಟೆಗೆ ಆರ್ಗನ್ ಕಛೇರಿ. ಮೇಜು ಮುಚ್ಚಿ ನಾನೂ ಕಂಬಕ್ಕೊರಗಿ ನಿಂತೆ. ಫ್ರೆಂಚ್ ರಚನೆಗಳಾದ ಮೇಲೆ ಕೊನೆಗೆ ಫ್ರಾನ್ಸಿನ ರಾಷ್ಟ್ರಗೀತೆ ‘ಮಾರ್ಸೆಯೇಸ್’. 1792ರಲ್ಲಿ ಸ್ಟ್ರಾಸ್‌ಬುರ್ಗ್‌ನಲ್ಲಿ ಸೈನ್ಯಾಧಿಕಾರಿಯೊಬ್ಬ ಬರೆದ ಯುದ್ಧಗೀತೆ ಅದು. ಫ್ರೆಂಚ್ ಅಜ್ಜಿ ಎದ್ದು ನಿಂತು ಹಾಡಿದರು, ಬೆರೆ ಟೋಪಿಯವರು ಗುನುಗಿದರು. ದನಿ ಬಟ್ಟೆಯ ಗುಮ್ಮಟವನ್ನು ಹಾಯ್ದು ಬರುತ್ತಿರುವುದು ನನಗೆ ಗೊತ್ತಿತ್ತು, ಸುತ್ತ ಇದ್ದ ಬಹಳ ಜನಕ್ಕೆ ಗೊತ್ತಿರಲಿಲ್ಲ. ಆ ಸಣ್ಣ ಜಂಬವನ್ನು ನಾನು ಚೆನ್ನಾಗಿಯೇ ಅನುಭವಿಸಿದೆ.

ಆಮೇಲಿನದು ಬರೀ ಎಣಿಕೆ: ರಟ್ಟು ಎಲ್ಲ ವಾಪಸಾಗಿದ್ದವು, ಪೆನ್ಸಿಲ್ ಅರ್ಧದಷ್ಟು ಜೇಬುಗಳಲ್ಲಿ ಹೊರಟುಹೋಗಿದ್ದವು. ಅಭಿಪ್ರಾಯ ಪತ್ರದಲ್ಲಿ ‘ಸಂದರ್ಶಕರು ಹೆಚ್ಚು ಕೇಳಿದ ಪ್ರಶ್ನೆ’ ಎಂಬಲ್ಲಿ ಶೌಚಾಲಯ ಎಲ್ಲಿದೆ ಎಂಬುದನ್ನು ಮೊದಲು ಬರೆದೆ, ಪ್ರಾಮಾಣಿಕವಾಗಿರಬೇಕಲ್ಲ. ಕೋಟು ತೆಗೆದುಕೊಳ್ಳುವ ಜಾಗದಲ್ಲಿ ಹಾಸನದ ಹಿರಿಯರು ಮತ್ತೆ ಸಿಕ್ಕರು. ಮಗನನ್ನು ಒಪ್ಪಿಸಿ ಆಗಿತ್ತು, ಮರುದಿನವೇ ಸ್ಟ್ಯಾನ್‌ಫರ್ಡ್‌ಗೆ ಹೊರಟಿದ್ದರು.

“ಒಂದು ವಿಷಯ ಸಾರ್, ಆ ಬಾಗಿಲನ್ನು ಎರೆದದ್ದು 1981ರಲ್ಲಿ. ಶಿಲ್ಪಿ ಹೋಗಿ ಆಗಲೇ 64 ವರ್ಷವಾಗಿತ್ತು.”

“ಆಗಿರಲಿ. ಅವನು ಅವನ ಜಾಗದಲ್ಲಿ ಕೂತಿರುತ್ತಾನಲ್ಲ. ಅಲ್ಲಿ ಟಿಕೆಟ್ ಎಷ್ಟಮ್ಮ?”

“ಟಿಕೆಟ್ ಇಲ್ಲ. ತೋಟದಲ್ಲಿ ಬಯಲಿಗೇ ಇಟ್ಟಿದ್ದಾರೆ, ರಾತ್ರಿಯಾದರೂ ನೋಡಬಹುದು.”

“ಕೇಳಿದೆಯೇನೋ?” ಎಂದು ಅವರು ಮಗನ ಕಡೆ ತಿರುಗಿದರು. “ಹಾಗಾದರೆ ಊಟ ಮುಗಿಸಿಕೊಂಡೇ ಹೋಗೋಣ.”